ಉಳಿಯ ಬಾಯಿಗೆ ನಿಂಬೆಹಣ್ಣು

ಹಿರಿಯೂರಿನಲ್ಲಿ ಅಣ್ಣನ ಮನೆಯ ದೇವರ ಕೋಣೆಯಿಂದ ಒಂದು ನಿಂಬೆಹಣ್ಣನ್ನು ಕಿತ್ತು ನಾನು ಬೀದಿಗೆ ಎಸೆದೆ. ಆಯುಧಪೂಜೆಯ ಮಾರನೆಯ ದಿನ, ಬೆಳಗಿನ ಹೊತ್ತು, ಮನೆ ತುಂಬ ನೆಂಟರು. ಹಾಗೆ ಎಸೆದದ್ದು ಅಪಶಕುನ ಅಂತ ಅತ್ತಿಗೆ ಈಗಲೂ ಹೇಳುತ್ತಾಳೆ. ಹೇಳಿಕೊಳ್ಳಲಿ. ನನಗೆ ಐವತ್ತೊಂಬತ್ತು. ಭರಮಸಾಗರದ ಸುತ್ತಮುತ್ತಲ ಪ್ರೈಮರಿ ಶಾಲೆಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿ, ಅವಧಿಗೆ ಮುಂಚೆಯೇ ರಿಟೈರ್ಮೆಂಟ್ ತೆಗೆದುಕೊಂಡು, ಹೊಳಲ್ಕೆರೆಯಲ್ಲಿ ಇದ್ದೇನೆ. ಅಪಶಕುನಕ್ಕೆ ಹೆದರುವ ವಯಸ್ಸು ದಾಟಿದೆ. ಸಿಟ್ಟಿನ ವಯಸ್ಸು ಮಾತ್ರ ಯಾಕೋ ದಾಟಿಲ್ಲ.

ಆ ಹಣ್ಣು ಚುಚ್ಚಿಕೊಂಡಿದ್ದದ್ದು ನಮ್ಮಪ್ಪನ ಉಳಿಯ ಬಾಯಿಗೆ. ಬಾಯಿ ಅಂದರೆ ಮರ ಕತ್ತರಿಸುವ ಅಂಚು. ಅಪ್ಪ ಹೊಸದುರ್ಗದಲ್ಲಿ ಬಡಗಿಯಾಗಿದ್ದ. ಒಂದೂವರೆ ಅಂಗುಲ ಅಗಲದ ಆ ಉಳಿಯನ್ನು ಅವನು ಮದುವೆಗೂ ಮುಂಚೆ ಚಿತ್ರದುರ್ಗದ ಹಳೇ ಪೇಟೆಯ ಸಾಬರೊಬ್ಬರ ಅಂಗಡಿಯಲ್ಲಿ ಕೊಂಡದ್ದಂತೆ. ಆಗಲೇ ಅದು ಹಳೆಯದು. ಕತ್ತಿನ ಹತ್ತಿರ ಇಂಗ್ಲಿಷ್ ಅಕ್ಷರಗಳಿದ್ದವು, ಅರ್ಧ ಸವೆದು ಹೋಗಿ ಯಾವ ಊರಿನದು ಅಂತ ಓದಲು ಬರುತ್ತಿರಲಿಲ್ಲ. ಅಪ್ಪನ ಹತ್ತಿರ ಬೇರೆ ಹತ್ತು ಉಳಿಗಳಿದ್ದರೂ ಬಾಗಿಲಿನ ಕೆಲಸ ಬಂತೆಂದರೆ ಅವನಿಗೆ ಇದೇ ಬೇಕು. ಅವನು ಹೋಗಿ ಹನ್ನೊಂದು ವರ್ಷವಾಯಿತು. ಮಿಕ್ಕ ಸಾಮಾನೆಲ್ಲ ಎಲ್ಲೆಲ್ಲಿ ಹೋಯಿತೋ, ಈ ಉಳಿ ಮಾತ್ರ ಅಣ್ಣನ ದೇವರ ಕೋಣೆ ಸೇರಿತು. ಸೇರಿ ದೇವರಾಯಿತು.

ದೇವರಾದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಪ್ರತಿ ವರ್ಷ ಅದಕ್ಕೆ ಅರಿಸಿನದ ನೀರಲ್ಲಿ ಸ್ನಾನ, ಒರೆಸುವಂತಿಲ್ಲ, ಹಸಿ ಮೈಗೇ ವಿಭೂತಿ, ಕುಂಕುಮ. ಕೊನೆಗೆ ಯಾರ ಕೈಗೂ ತಾಗದಿರಲಿ, ದೃಷ್ಟಿಯೂ ಆಗದಿರಲಿ ಅಂತ ಬಾಯಿಗೆ ಒಂದು ನಿಂಬೆಹಣ್ಣು ಚುಚ್ಚಿ ನಿಲ್ಲಿಸುವುದು. ಆ ಹಣ್ಣು ತಾನಾಗಿ ಒಣಗಿ ಬೀಳಬೇಕು, ಅಲ್ಲಿವರೆಗೆ ಯಾರೂ ಮುಟ್ಟಬಾರದು. ಹನ್ನೊಂದು ವರ್ಷಕ್ಕೆ ಹನ್ನೊಂದು ಹಣ್ಣು. ನಾನು ಆವತ್ತು ಕೈಮುಗಿಯಲು ಬಗ್ಗಿದವಳು ಹಣ್ಣಿನ ಕೆಳಗೆ ಹರಿದ ಕರಿ ನೀರನ್ನು ನೋಡಿದೆ. ಹಣ್ಣು ಕಿತ್ತೆ. ಸಿಡುಬು ಎದ್ದು ಹೋದ ಮುಖದ ಹಾಗೆ ಗುಂಡಿ ಗುಂಡಿ, ಅದೂ ಬಾಯಿಯ ಅಂಚಿನಲ್ಲೇ. ನನಗೆ ಮೈಯೆಲ್ಲ ಉರಿದು ಹೋಯಿತು.

"ಒಣಗೋ ತನಕ ತೆಗೀಬಾರದಮ್ಮ ಅದನ್ನ" ಅಂದಳು ಅತ್ತಿಗೆ, ಬಾಗಿಲಲ್ಲಿ ನಿಂತು.

"ಹುಳಿ ಕಬ್ಬಿಣನ ತಿಂತೈತೆ ಅಂತ ಗೊತ್ತಿಲ್ಲೇನು ಅತ್ತಿಗೆ ನಿನಗೆ? ಕಬ್ಬಿಣದ ಬಾಣಲೇಲಿ ಹುಣಸೆಹುಳಿ ಹಿಂಡಿ ವಾರ ಇಡ್ತೀಯೇನು?"

ಅಣ್ಣ ಪೇಪರ್ ಮಡಿಸಿಟ್ಟು ಬಂದ. ಮಾರಿಕಣಿವೆಯಲ್ಲಿ ನೀರಾವರಿ ಇಲಾಖೆಯ ಕೆಲಸ ಮಾಡಿ ರಿಟೈರ್ ಆದವನು. ಏರಿದ ದನಿಯಲ್ಲಿ ಮಾತಾಡಿದ್ದು ನಾನು ನೋಡಿಲ್ಲ. ಅದೇ ನನ್ನ ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿಯುತ್ತದೆ.

"ಅದು ಅಪ್ಪ ಕಣವ್ವ. ಹಂಗೆಲ್ಲ ಕೈ ಹಾಕಬ್ಯಾಡ."

"ಅಪ್ಪ ಇದರ ಮ್ಯಾಲೆ ಒಂದು ಹನಿ ಬೆವರು ಬಿದ್ರೆ ಕೆಲಸ ನಿಲ್ಲಿಸಿ ಒರೆಸ್ತಿದ್ದ. ನೀನು ಅಪ್ಪನ ಹೆಸರಲ್ಲಿ ಅಪ್ಪನ ಉಳಿ ಕೊಳೆಸಿ ಇಟ್ಟಿದ್ದೀಯ."

ಒಬ್ಬಟ್ಟು ಬೇಯಿಸುತ್ತಿದ್ದವರೂ ಒಲೆ ಸಣ್ಣ ಮಾಡಿ ಕೇಳುತ್ತಿದ್ದರು. ಅಣ್ಣನ ಮಗಳು ದುರ್ಗದಲ್ಲಿ ಮನೆ ಕಟ್ಟಿಸುತ್ತಿದ್ದಳು. ಕಾರ್ತಿಕದಲ್ಲಿ ಬಾಗಿಲು ಕೂರಿಸುವ ಶಾಸ್ತ್ರ. ಅಲ್ಲಿ ತಟ್ಟೆಯಲ್ಲಿ ಇಟ್ಟು ಪೂಜೆ ಮಾಡಿಸಲು ಅಣ್ಣ ಈ ಉಳಿಯನ್ನು ಒಯ್ಯುವವನಿದ್ದ. ನಾನು ಅದೇ ಮಾತು ಹಿಡಿದುಕೊಂಡೆ. ಇದನ್ನು ನಾನು ಒಯ್ಯುತ್ತೇನೆ, ತುಕ್ಕು ತೆಗೆದು ಮಸೆದು ತರುತ್ತೇನೆ, ಹೊಸ್ತಿಲಲ್ಲಿ ಚೌಕಟ್ಟಿನ ಕಾಲು ಕೂರುವ ಕೊನೆಯ ಕಚ್ಚನ್ನು ಇದರಿಂದಲೇ ಕೆತ್ತಬೇಕು, ಇನ್ನು ಮೇಲೆ ಇದು ಕೆಲಸದ ಉಳಿ, ನಿಂಬೆಹಣ್ಣಿನ ಗೂಟವಲ್ಲ ಅಂದೆ.

"ಹಾಳಾದ್ರೆ?" ಅಂದ ಅಣ್ಣ.

"ಇನ್ನೇನು ಹಾಳಾಗಾದೈತೆ ಇದರಾಗೆ?"

ಅವನು ಬಗ್ಗಿ ಆ ಗುಂಡಿಗಳನ್ನು ನೋಡಿದ. "ಆಗ್ಲಿ. ಬಾಯಿ ಹರಿತಕ್ಕೆ ಬರದಿದ್ರೆ ಮಾತ್ರ ಇದು ಇದ್ದಲ್ಲೇ ಇರ್ತೈತೆ, ಇರೋ ಹಂಗೇ ಇರ್ತೈತೆ. ನೀನು ಈ ಮಾತು ಮತ್ತೆ ಎತ್ತಬಾರದು."

ನಾನು ಒಪ್ಪಿದೆ. ಉಳಿಯನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಊಟಕ್ಕೂ ನಿಲ್ಲದೆ ಬಸ್ ಹತ್ತಿದೆ. ಐಮಂಗಲ ದಾಟುವವರೆಗೂ ಬ್ಯಾಗನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಒಬ್ಬಟ್ಟು ತಿಂದು ಬರಬೇಕಿತ್ತು ಅಂತ ಆಮೇಲೆ ಅನ್ನಿಸಿತು.

ಒಂದು ಉಳಿಗೆ ಇಷ್ಟು ರಂಪ ಯಾಕೆ ಅಂತ ನಮ್ಮ ಮನೆಯವರೇ ಕೇಳಿದರು. ಅವರಿಗೆ ಗೊತ್ತಿಲ್ಲ. ಒಂಬತ್ತನೇ ವಯಸ್ಸಿನಿಂದ ಮದುವೆಯಾಗಿ ಹೋಗುವ ತನಕ ಆ ಉಳಿಯನ್ನು ದಿನಾ ಮಸೆದದ್ದು ನಾನು. ನಮ್ಮ ತವರಿನಲ್ಲಿ ಕೆಲಸ ಹಾಗೆ ಹಂಚಿಹೋಗಿತ್ತು. ಕೆತ್ತುವುದು ಗಂಡಸರದು, ಸಂಜೆ ಸಾಮಾನು ಮಸೆಯುವುದು ಹೆಣ್ಣುಮಕ್ಕಳದು. ಅವ್ವ ಮರ ಹೆರೆಯುವ ಬಾಚಿ ಮಸೆಯುತ್ತಿದ್ದಳು, ನಾನು ಉಳಿಗಳನ್ನು. ಉಳಿ ಹಿಡಿದು ಸಾಣೆಕಲ್ಲಿನ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಅದೇ ಉಳಿಯನ್ನು ಮರಕ್ಕೆ ತಾಗಿಸಿದರೆ ಬೈಗುಳ. ಹೆಣ್ಣು ಕೆತ್ತಿದ ಬಾಗಿಲನ್ನು ಯಾರು ಕೂರಿಸಿಕೊಳ್ಳುತ್ತಾರೆ ಅನ್ನುತ್ತಿದ್ದರು. ಅಪ್ಪ ಅಣ್ಣನನ್ನು ಪಕ್ಕ ಕೂರಿಸಿಕೊಂಡು ಆರು ವರ್ಷ ಕಲಿಸಿದ. ಅಣ್ಣ ಆರು ವರ್ಷ ಕಲಿತು, ನೀರಾವರಿ ಇಲಾಖೆಯ ಆರ್ಡರ್ ಕೈಗೆ ಬಂದ ದಿನ ಎದ್ದು ಹೋದ. ತಿರುಗಿಯೂ ನೋಡಲಿಲ್ಲ. ಅಪ್ಪ ಸತ್ತಾಗ ಉಳಿ ಅವನಿಗೆ ಹೋಯಿತು. ಸಾಣೆಕಲ್ಲು ಯಾರಿಗೂ ಬೇಡವಾಗಿ ಹಿತ್ತಲಲ್ಲಿ ಬಿದ್ದಿತ್ತು, ಅದನ್ನು ನಾನು ಸೀರೆಯ ಗಂಟಿನ ಜೊತೆ ಹೊತ್ತು ತಂದೆ. ಇಷ್ಟು ವರ್ಷ ಅದರ ಮೇಲೆ ಈಳಿಗೆಮಣೆ ಮಸೆಯುತ್ತಾ ಬಂದಿದ್ದೇನೆ.

ಹೊಳಲ್ಕೆರೆಯಲ್ಲಿ ಮೊದಲ ಗೋಳು ಸೀಮೆಎಣ್ಣೆಯದು. ತುಕ್ಕು ನೆನೆಯಲು ಅದು ಬೇಕು, ಈಗ ಯಾವ ಅಂಗಡಿಯಲ್ಲಿ ಕೇಳಿದರೂ ನಗುತ್ತಾರೆ. ಎದುರು ಮನೆಯವರ ಟ್ರ್ಯಾಕ್ಟರಿನಿಂದ ಒಂದು ಬಾಟಲಿ ಡೀಸೆಲ್ ಇಸಿದುಕೊಂಡು ಅದರಲ್ಲಿ ಮೂರು ದಿನ ಮುಳುಗಿಸಿಟ್ಟೆ. ಮನೆಯಲ್ಲಿ ಡೀಸೆಲ್ ವಾಸನೆ, ನಮ್ಮ ಮನೆಯವರು ಮೂಗು ಮುಚ್ಚಿಕೊಂಡು ಜಗುಲಿಯಲ್ಲಿ ಊಟ ಮಾಡಿದರು. ನಾಲ್ಕನೇ ದಿನ ತೆಂಗಿನ ಚಿಪ್ಪಿನ ಚೂರಿನಿಂದ ಕೆರೆದೆ. ಅರಿಸಿನ, ಕುಂಕುಮ, ವಿಭೂತಿ ಸೇರಿ ಸಿಮೆಂಟಿನ ಹಾಗೆ ಹತ್ತಿಕೊಂಡಿದ್ದದ್ದು ಪದರ ಪದರವಾಗಿ ಎದ್ದು ಬಂತು. ಹನ್ನೊಂದು ವರ್ಷದ ಭಕ್ತಿ. ಕೆರೆಯುತ್ತಾ ನಾನು ಬಾಯಿಗೆ ಬಂದದ್ದೆಲ್ಲ ಅಂದೆ, ಬರೆಯುವಂಥದ್ದಲ್ಲ. ಆಮೇಲೆ ಮರಳುಕಾಗದ. ಮೈ ಕಪ್ಪಾಗಿ, ಮಟ್ಟಸವಾಗಿ ಬಂತು. ಕತ್ತಿನ ಹತ್ತಿರದ ಅಕ್ಷರಗಳನ್ನು ಮುಟ್ಟಲಿಲ್ಲ. ಅಷ್ಟು ಬುದ್ಧಿ ನನಗಿದೆ. ಹಿಡಿಗೆ ಅಗಸೆ ಎಣ್ಣೆ ಉಜ್ಜಿ ಬಿಸಿಲಿಗಿಟ್ಟೆ.

ಬಾಯಿಯ ಗುಂಡಿಗಳು ಮಾತ್ರ ಹಾಗೇ ಇದ್ದವು. ಇಲ್ಲಿಯ ಹಾರ್ಡ್‌ವೇರ್ ಅಂಗಡಿಯವನು ನೋಡಿ, "ಗ್ರೈಂಡರಿಗೆ ಕೊಡ್ರಿ ಅಮ್ಮ, ಎರಡು ನಿಮಿಷ" ಅಂದ. ಎರಡು ನಿಮಿಷದಲ್ಲಿ ಬಾಯಿ ನೀಲಿಗಟ್ಟಿ ಉಕ್ಕಿನ ಹದ ಸುಟ್ಟು ಹೋಗುತ್ತದೆ, ಆಮೇಲೆ ಅದು ಬೆಣ್ಣೆ ಕತ್ತರಿಸಲು ಮಾತ್ರ ಲಾಯಕ್ಕು. ಅವನಿಗೆ ಇದನ್ನೆಲ್ಲ ಹೇಳಿದೆ. ಅವನು ಕ್ಯಾರೆ ಅನ್ನದೆ ಫೋನ್ ನೋಡುತ್ತಿದ್ದ. ನಾನು ಮಾರನೇ ದಿನ ದುರ್ಗಕ್ಕೆ ಹೋದೆ, ಅಪ್ಪ ಉಳಿ ಕೊಂಡಿದ್ದ ಅದೇ ಹಳೇ ಪೇಟೆಯ ಅಂಗಡಿಗೆ. ಈಗ ಅಲ್ಲಿ ಕೂರುವವರು ಆ ಸಾಬರ ಮೊಮ್ಮಗ. ಅವರಿಗೇ ಗಡ್ಡ ನರೆತಿದೆ. ಉಳಿಯನ್ನು ನೋಡಿದ ತಕ್ಷಣ ಕನ್ನಡಕ ಹಾಕಿಕೊಂಡರು. ಬೆಳಕಿಗೆ ಹಿಡಿದು, ಪಕ್ಕದಿಂದ ನೋಡಿ, ಉಗುರಲ್ಲಿ ಒಂದು ಗೆರೆ ತೋರಿಸಿದರು.

"ಇಲ್ಲಿ ನೋಡ್ರಿ ಅಕ್ಕಾವ್ರೆ. ಹಳೇ ಉಳಿ ಮೈಯೆಲ್ಲ ಉಕ್ಕಲ್ಲ. ಮೈ ಮೆತ್ತಗಿನ ಕಬ್ಬಿಣ, ಬಾಯಿ ಕಡೆ ಮೂರು ಬೆರಳು ಉಕ್ಕು ಬೆಸೆದಿರ್ತಾರೆ. ಆ ಉಕ್ಕು ಮುಗೀತು ಅಂದ್ರೆ ಉಳಿ ಮುಗೀತು. ಇದರಾಗೆ ಉಳಿದಿರೋದು ಇಷ್ಟೇ." ಅವರ ಕಿರುಬೆರಳಿನ ಉಗುರಿನಷ್ಟು ಇತ್ತು. "ಈ ಗುಂಡಿ ದಾಟಾಕೆ ಅದರಾಗೆ ಕೂದಲೆಳೆಯಷ್ಟು ಬಿಟ್ಟು ಎಲ್ಲ ಹೋಗ್ತೈತೆ."

"ನಿಂಬೆಹಣ್ಣು ತಿಂದಿದ್ದು ಸಾಬ್ರೆ" ಅಂದೆ. ಹಲ್ಲು ಕಚ್ಚಿಕೊಂಡು ಇಡೀ ಕಥೆ ಹೇಳಿದೆ. ಅಣ್ಣನ ಮೇಲೆ ಚಾಡಿ ಹೇಳಲು ಒಬ್ಬರು ಸಿಕ್ಕರಲ್ಲ ಅಂತ ಸಮಾಧಾನವೇ ಆಗಿತ್ತು.

ಅವರು ಪೂರ್ತಿ ಕೇಳಿದರು. "ನಿಂಬೆಹಣ್ಣು ಗುಂಡಿ ತೋಡ್ತೈತೆ. ಉದ್ದ ಕಮ್ಮಿ ಮಾಡಲ್ಲ" ಅಂದರು. "ಮೂರು ಬೆರಳು ಇದ್ದಿದ್ದು ಇಷ್ಟಕ್ಕೆ ಬಂದೈತೆ ಅಂದ್ರೆ ಇದನ್ನ ಯಾರೋ ಬೇಕಾದ್ದಕ್ಕಿಂತ ಜಾಸ್ತಿ ಮಸೆದವ್ರೆ. ಕೆಲಸ ಮಾಡಿ ಸವೆದಿದ್ದಲ್ಲ ಇದು. ಕಲ್ಲು ತಿಂದಿರೋದು."

ನಾನು ಉಳಿಯನ್ನು ಟವೆಲಿನಲ್ಲಿ ಸುತ್ತಿಕೊಂಡೆ. ಅವರು ಟೀ ತರಿಸುತ್ತೇನೆ ಅಂದರು, ಬೇಡ ಅಂದೆ.

ಯಾರು ಮಸೆದದ್ದು ಅಂತ ನನಗೆ ಗೊತ್ತಿತ್ತು. ಒಳಗೆ ಅಪ್ಪ ಅಣ್ಣನಿಗೆ ಕಚ್ಚು ಕೆತ್ತುವುದು ತೋರಿಸುತ್ತಿದ್ದರೆ ಹೊರಗೆ ನಾನು ಕಲ್ಲಿನ ಮುಂದೆ. ಉಳಿಯ ತಲೆಗೆ ಬೀಳುವ ಅವರ ಕೊಡತಿಯ ಏಟು ಕೇಳಿದಷ್ಟೂ ನನ್ನ ಕೈ ಜೋರಾಗುತ್ತಿತ್ತು. "ಸಾಕು ಬಿಡವ್ವ, ಬಾಯಿ ಬಂದೈತೆ" ಅಂತ ಅಪ್ಪ ಒಳಗಿಂದ ಕೂಗುತ್ತಿದ್ದ. ಬಾಯಿ ಬಂದದ್ದು ನನಗೂ ಗೊತ್ತಾಗುತ್ತಿತ್ತು. ಆದರೂ ಇನ್ನೂ ಇಪ್ಪತ್ತು ಸಲ, ಮೂವತ್ತು ಸಲ ಉಜ್ಜುತ್ತಿದ್ದೆ. ಸಿಟ್ಟಿಗೆ ಬೇರೆ ಜಾಗ ಇರಲಿಲ್ಲ. ಹದಿಮೂರು ವರ್ಷ ದಿನಾ ಸಂಜೆ ಹಾಗೆ ಉಜ್ಜಿದರೆ ಯಾವ ಉಕ್ಕು ತಡೆಯುತ್ತದೆ? ಬಸ್ಸಿನಲ್ಲಿ ಹೊಳಲ್ಕೆರೆಗೆ ವಾಪಸ್ ಬರುವಾಗ ಅಣ್ಣನ ಮೇಲಿನ ಸಿಟ್ಟು ಒಂದು ಚೂರೂ ಕಡಿಮೆಯಾಗಿರಲಿಲ್ಲ. ನನ್ನ ಮೇಲಿನದು ಅದರ ಪಕ್ಕ ಬಂದು ಕೂತಿತ್ತು.

ಮಸೆಯುವುದಕ್ಕೆ ಮುಂಚೆ ಕಲ್ಲನ್ನು ಸರಿಮಾಡಬೇಕಿತ್ತು. ನಡು ತಗ್ಗಾಗಿ ದೋಣಿಯ ಹಾಗಾಗಿತ್ತು. ಅಂಥ ಕಲ್ಲಿನ ಮೇಲೆ ಉಳಿಯ ಬೆನ್ನು ಮಟ್ಟಸ ಬರುವುದಿಲ್ಲ. ಬಟ್ಟೆ ಒಗೆಯುವ ಚಪ್ಪಡಿಯ ಮೇಲೆ ಮರಳು ಹರಡಿ, ನೀರು ಚಿಮುಕಿಸಿ, ಸಾಣೆಕಲ್ಲನ್ನು ಕವುಚಿ ಹಾಕಿ ಎರಡು ದಿನ ತಿಕ್ಕಿದೆ. ನನ್ನ ಸೊಂಟ ಮುರಿದು ಹೋಯಿತು. ಮೂರನೇ ದಿನದಿಂದ ಉಳಿ. ಮೊದಲು ಬೆನ್ನು, ಅಂದರೆ ಚಪ್ಪಟೆಯಾದ ಕಡೆ, ಕಲ್ಲಿಗೆ ಪೂರ್ತಿ ಒತ್ತಿ. ಆಮೇಲೆ ಇಳಿಜಾರಿನ ಕಡೆ. ಈ ಸಲ ಲೆಕ್ಕ ಹಾಕಿ ಉಜ್ಜಿದೆ. ಹತ್ತು ಸಲ ಉಜ್ಜುವುದು, ಒರೆಸುವುದು, ಬೆಳಕಿಗೆ ಹಿಡಿದು ಗುಂಡಿ ಎಷ್ಟು ಉಳಿಯಿತು, ಉಕ್ಕು ಎಷ್ಟು ಉಳಿಯಿತು ಅಂತ ನೋಡುವುದು. ಕೊನೆಯ ಗುಂಡಿ ಒಂದು ಮೂಲೆಯಲ್ಲಿ ಹಟ ಹಿಡಿದು ಕೂತಿತ್ತು. ಅದಕ್ಕಾಗಿ ಇನ್ನೊಂದು ದಿನ ಹೋಯಿತು. ಕಡೆಗೆ ಬೆನ್ನಿನ ಮೇಲೆ ಬೆರಳಾಡಿಸಿದರೆ ಕೂದಲಿನಂಥ ಒಂದು ಒರಟು ಅಂಚು ಸಿಕ್ಕಿತು. ಬಾಯಿ ಬಂದ ಗುರುತು ಅದು. ಹಳೇ ಚಪ್ಪಲಿಯ ಚರ್ಮದ ಮೇಲೆ ಎಳೆದು ಆ ಅಂಚು ಬೀಳಿಸಿ, ಮುಂಗೈ ಮೇಲೆ ಇಟ್ಟು ನೋಡಿದೆ. ಕೂದಲು ಸಲೀಸಾಗಿ ಬೋಳಿಸಿತು.

ಆ ಕ್ಷಣ ನನ್ನ ಕೈ ಮತ್ತೆ ಕಲ್ಲಿನ ಕಡೆ ಹೋಯಿತು, ಇನ್ನೂ ಹತ್ತು ಸಲ ಅಂತ. ಕಲ್ಲನ್ನು ಎತ್ತಿ ಬಚ್ಚಲಿಗೆ ಇಟ್ಟು ಬಂದೆ.

ಕಾರ್ತಿಕದ ಒಂದು ಶುಕ್ರವಾರ ಬೆಳಿಗ್ಗೆ ದುರ್ಗದ ಹೊರಗಿನ ಹೊಸ ಬಡಾವಣೆಯಲ್ಲಿ ಬಾಗಿಲು ಕೂರಿಸುವ ಶಾಸ್ತ್ರ. ತೇಗದ ಚೌಕಟ್ಟು, ಕೆಳಗೆ ದಪ್ಪ ಹೊಸ್ತಿಲು. ಬಡಗಿ ಮೂವತ್ತರ ಆಸುಪಾಸಿನವನು, ಎಲ್ಲವನ್ನೂ ಮಷೀನಿನಲ್ಲೇ ಕೊರೆದು ತಂದಿದ್ದ. ಅಣ್ಣ ಮೊದಲೇ ಹೇಳಿದ್ದರಿಂದ ಹೊಸ್ತಿಲಿನ ಒಂದು ಕಚ್ಚಿನಲ್ಲಿ ಸ್ವಲ್ಪ ಮರ ಉಳಿಸಿದ್ದ. ಅತ್ತಿಗೆಯ ತಟ್ಟೆಯಲ್ಲಿ ನವಧಾನ್ಯ, ಹೂವು, ಜೊತೆಗೆ ಒಂದು ನಿಂಬೆಹಣ್ಣು. ನಾನು ಆ ಹಣ್ಣನ್ನು ನೋಡಿದೆ, ಅವಳು ನಾನು ನೋಡಿದ್ದನ್ನು ನೋಡಿದಳು.

ಟವೆಲ್ ಬಿಚ್ಚಿ ಉಳಿಯನ್ನು ಅಣ್ಣನ ಮುಂದೆ ಹಿಡಿದೆ. ಅವನು ಹೆಬ್ಬೆರಳನ್ನು ಅಡ್ಡಲಾಗಿ ಬಾಯಿಯ ಮೇಲೆ ಸವರಿ ಬಡಗಿಯ ಕೈಗೆ ಕೊಟ್ಟ. ಬಡಗಿ ತಿರುಗಿಸಿ ನೋಡಿ, "ಇದನ್ನ ಮಸೆದವರು ಯಾರ್ರೀ?" ಅಂದ. ಅಣ್ಣ ನನ್ನ ಕಡೆ ತೋರಿಸಿದ.

"ಹಂಗಾದ್ರೆ ಮೊದಲ ಕೈ ನೀವೇ ಹಾಕ್ರಿ ಅಮ್ಮಾವ್ರೆ" ಅಂದು ಅವನು ಹಿಂದೆ ಸರಿದ.

ಯಾರೂ ಬೇಡ ಅನ್ನಲಿಲ್ಲ. ಹೊಸ್ತಿಲಿನ ಮುಂದೆ ಮಂಡಿಯೂರಿ ಕೂತೆ. ಐವತ್ತು ವರ್ಷ ಕಾದಿದ್ದೆ, ಇನ್ನೇನು ಯೋಚನೆ ಮಾಡುವುದು? ಉಳಿ ಇಟ್ಟು ಅಂಗೈಯಿಂದ ಜೋರಾಗಿ ನೂಕಿದೆ. ಬಾಯಿ ಸರ್ರನೆ ಒಳಗೆ ಹೋಯಿತು. ಹೋಗುತ್ತಲೇ ಮರ ಸೀಳಿತು. ಕಚ್ಚಿನಿಂದ ಶುರುವಾದ ಸೀಳು ಹೊಸ್ತಿಲಿನ ಮುಂಭಾಗಕ್ಕೆ ಓಡಿ ಗೇಣುದ್ದದ ಚಕ್ಕೆ ಎದ್ದು ಬಂತು. ಮನೆಗೆ ಬರುವವರೆಲ್ಲ ಮೊದಲು ನೋಡುವ ಜಾಗ.

ಅತ್ತಿಗೆಯ ತುಟಿ ಏನನ್ನೋ ಜಪಿಸಿತು. ಬಡಗಿ ನೆಲ ನೋಡಿದ.

ಅಣ್ಣ ಶಲ್ಯ ತೆಗೆದು ಸೊಂಟಕ್ಕೆ ಬಿಗಿದ. ಮಂಡಿನೋವಿನವನು, ಗೋಡೆ ಹಿಡಿದು ನಿಧಾನಕ್ಕೆ ಕೂತ. ನನ್ನ ಕೈಯಿಂದ ಉಳಿ ತೆಗೆದುಕೊಂಡು, ಮರವನ್ನು ಒಂದಷ್ಟು ಹೊತ್ತು ನೋಡಿ, ನಾನು ನೂಕಿದ್ದಕ್ಕೆ ಎದುರು ಕಡೆಯಿಂದ ಉಳಿ ಇಟ್ಟ. ಬಲ ಹಾಕಿದ ಹಾಗೆ ಕಾಣಲೇ ಇಲ್ಲ. ತೆಳ್ಳನೆಯ ಸುರುಳಿ ಎದ್ದು ಬಂತು. ಇನ್ನೊಂದು. ಮತ್ತೊಂದು. ಸೀಳಿದ ಜಾಗವನ್ನು ಇಳಿಜಾರು ಮಾಡಿ, ಇನ್ನೊಂದು ತುದಿಗೂ ಅದೇ ಇಳಿಜಾರು ಕೊಟ್ಟ. ಮೊದಲಿಂದಲೂ ಹಾಗೇ ಮಾಡಬೇಕಂತಿದ್ದರೇನೋ ಅನ್ನುವ ಹಾಗೆ ಆಯಿತು. ನಲವತ್ತು ವರ್ಷ ಉಳಿ ಮುಟ್ಟದ ಕೈ ಅದು.

"ಕೈ ಮರೆತಿಲ್ಲ ನೋಡ್ರಿ" ಅಂದಳು ಅತ್ತಿಗೆ, ಹೆಮ್ಮೆಯಿಂದ.

ನನಗೆ ಕೃತಜ್ಞತೆ ಆಗಬೇಕಿತ್ತು. ಆದದ್ದು ಸಿಟ್ಟು. ನಿಂಬೆಹಣ್ಣಿನ ಮೇಲೂ ನಾನು ಯಾವತ್ತೂ ಅಷ್ಟು ಸಿಟ್ಟಾಗಿರಲಿಲ್ಲ.

"ಇಷ್ಟು ಬರ್ತಿದ್ದೂ ಬಿಟ್ಟು ಎದ್ದೋದೆಯಲ್ಲ ನೀನು" ಅಂದೆ, ಎಲ್ಲರ ಎದುರಿಗೇ.

"ಹೋದೆ. ನಂಗೆ ಇಷ್ಟ ಇರಲಿಲ್ಲ."

"ನಂಗಿತ್ತು."

ಅವನು ತಲೆ ಎತ್ತಿ ನೋಡಿದ. "ಒಂದು ದಿನನೂ ಬಾಯಿಬಿಟ್ಟು ಹೇಳಲಿಲ್ಲ ನೀನು."

"ಯಾರು ಕೇಳಿದ್ರು?"

ಪೂಜೆಗೆ ಬಂದಿದ್ದ ಐನೋರು ಮುಹೂರ್ತ ಮೀರುತ್ತದೆ ಅಂತ ಕೆಮ್ಮಿದರು. "ಒಂದೀಟು ತಡೀರಿ" ಅಂದ ಅಣ್ಣ, ಅವರ ಕಡೆ ನೋಡದೆ. ಪಕ್ಕದಲ್ಲಿ ಬಿದ್ದಿದ್ದ ತೇಗದ ತುಂಡೊಂದನ್ನು ಎಳೆದು ನಮ್ಮಿಬ್ಬರ ನಡುವೆ ಇಟ್ಟ. ಉಳಿಯನ್ನು ನನ್ನ ಕೈಗೆ ಕೊಟ್ಟ, ಹಿಡಿ ನನ್ನ ಕಡೆ ಮಾಡಿ.

"ಕುಂತ್ಕ. ಮೊದಲು ಎಳೆ ಯಾವ ಕಡೆ ಹೋಗೈತೆ ನೋಡು."

ನನ್ನ ಸಿಟ್ಟು ಇಳಿದಿರಲಿಲ್ಲ. ಈಗ ಹೇಳಿಕೊಡುತ್ತಾನಂತೆ, ಐವತ್ತೊಂಬತ್ತಕ್ಕೆ, ಇಷ್ಟು ಜನರ ಮುಂದೆ. ಆದರೂ ಬಗ್ಗಿದೆ. ಕಣ್ಣು ಮಂಜಾಗಿ ಮರದ ಎಳೆಯೂ ಕಾಣಲಿಲ್ಲ, ಏನೂ ಕಾಣಲಿಲ್ಲ.

"ಕಾಣ್ತಿಲ್ಲ" ಅಂದೆ.

"ಬೆರಳಾಡಿಸು, ತಿಳೀತೈತೆ" ಅಂದ. "ಬೇಸರ ಮಾಡ್ಕಬ್ಯಾಡ. ಬಾಯಿ ಹೋದ್ರೆ ಮತ್ತೆ ಮಸೆದ್ರಾತು, ಏನು ಅವಸರ, ದಿನಾ ಕಲಿಯಾಣ."

ಉಕ್ಕು ಇನ್ನು ಎರಡು ಮೂರು ಸಲ ಮಸೆಯುವಷ್ಟೇ ಉಳಿದಿದೆ ಅಂತ ನಾನು ಅವನಿಗೆ ಹೇಳಲಿಲ್ಲ.